ಸೋಬಾನದ ಮೂರನೆಯ ಸಾಲು

ಮದುವೆಯ ಮನೆಯಲ್ಲಿ ಸುರಗಿ ಸುತ್ತಿ ಅರಿಷಿಣ ಹಚ್ಚುವಾಗ ಹೆಂಗಳೆಯರು ಹಾಡುವ ಸೋಬಾನ ಪದಗಳನ್ನು ನೀವು ಕೇಳಿಯೇ ಇರುವಿರಿ. ಅವುಗಳಲ್ಲಿ ಹಲವು ತ್ರಿಪದಿಗಳು. ಹಿರಿಯರ ಬಾಯಿಂದ ಇವನ್ನು ಬರೆದುಕೊಳ್ಳುವವರು ಮೂರನೆಯ ಸಾಲು ಮೋಟಾಗಿರುವುದನ್ನು ಕಂಡು, ಏನೋ ಮರೆತುಹೋಗಿರಬೇಕೆಂದು ಒಂದು ಮಾತು ಸೇರಿಸುವುದುಂಟು. ಹಾಗೆ ಸೇರಿಸಿದರೆ ಪದ ಕೆಡುವುದು. ಏಕೆಂಬುದನ್ನು ನೋಡೋಣ.

ಲಕ್ಷಣವನ್ನು ತೋರಿಸಲೆಂದೇ ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಆಡುಮಾತಿನಲ್ಲಿ ನಾನು ಕಟ್ಟಿದ ಪದ್ಯವಿದು:

ಹೊಳಿದಾಟಿ ಹೋಗಾಕಿ ಮಳಿಯಂಥ ಕಣ್ಣಾಕಿ
ಬಳಿಸದ್ದ ಮನಿಗೆ ಬಿಟ್ಟಾಕಿ ನನ್ನವ್ವ
ಕಳಿಯಾಗಿ ಅಲ್ಲಿ ಬೆಳಗವ್ವ

ತ್ರಿಪದಿಗೆ ಒಟ್ಟು 11 ಗಣಗಳು. ಸಾಲುಗಳಿಗೆ ಕ್ರಮವಾಗಿ 4, 4, 3. ಇಲ್ಲಿ ಎಣಿಸಬೇಕಾದುದು ಮಾತ್ರೆಯನ್ನಲ್ಲ, ಅಂಶವನ್ನು. ಗಣದ ಮೊದಲಲ್ಲಿ ಒಂದು ಗುರು, ಇಲ್ಲವೆ ಎರಡು ಲಘು ಕೂಡಿ ಒಂದು ಅಂಶ. ಆಮೇಲೆ ಗುರುವಾಗಲಿ ಲಘುವಾಗಲಿ ಒಂದೊಂದೂ ಒಂದು ಅಂಶ. ‘ಹೊಳಿ-ದಾ-ಟಿ’, ‘ಹೋ-ಗಾ-ಕಿ’ ಇವು ಮೂರಂಶದ ವಿಷ್ಣುಗಣಗಳು. 6ನೆಯ ‘ಮನಿ-ಗೆ’, 10ನೆಯ ‘ಅಲ್-ಲಿ’ ಎರಡಂಶದ ಬ್ರಹ್ಮಗಣಗಳು. ಉಳಿದ ಒಂಬತ್ತೂ ವಿಷ್ಣುವೇ. ಹೊಳಿ, ಬಳಿ, ಕಳಿ ಎಂದು ಸಾಲಿನ ಎರಡನೆಯ ಅಕ್ಷರ ಹೊಂದಿಬರುವುದು ಆದಿಪ್ರಾಸ.

ಇನ್ನು ಹಾಡುವ ಬಗೆ. ಎರಡನೆಯ ಸಾಲನ್ನು ಮರಳಿ ಎತ್ತಿಕೊಂಡೇ ಮೂರನೆಯದಕ್ಕೆ ಸಾಗುವುದು ರೂಢಿ. ಕಣ್ಣಿಗೆ ಮೂರು ಸಾಲು, ಕಿವಿಗೆ ನಾಲ್ಕು. ಅಗಲಿಕೆಯ ನೋವು ಎರಡು ಸಲ ತುಂಬಿ ಬಂದ ಮೇಲೆ, ಹರಕೆಯು ಗಿಡ್ಡ ಸಾಲಿನಲ್ಲಿ ಥಟ್ಟನೆ ನಿಲ್ಲುತ್ತದೆ. ಮೋಟು ಸಾಲು ಕೊರತೆಯಲ್ಲ. ಹಾಡು ಬಂದು ಇಳಿಯುವ ಮೆಟ್ಟಿಲು.

ಈ ಮಟ್ಟು ಬಹು ಹಳೆಯದು. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿ ಇದೆ. 12ನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಕುಟ್ಟುವಾಗ ತ್ರಿಪದಿಯನ್ನೂ, ಮದುವೆಯಲ್ಲಿ ಧವಳವನ್ನೂ ಹಾಡಬೇಕೆಂದಿದ್ದಾನೆ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುವರೆಂದೂ ಹೇಳಿದ್ದಾನೆ. ನಿಪ್ಪಾಣಿ, ಕಾಗವಾಡಗಳ ಗಡಿಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತುಗಳಾದುದರಿಂದ ತ್ರಿಪದಿ, ಓವಿಗಳು ನೆರೆಹೊರೆಯ ಹಾಡುಗಳು. ಒರಳು ಬೀಸುಕಲ್ಲುಗಳ ಮುಂದಿನ ತ್ರಿಪದಿ ಮದುವೆಯ ಹಂದರಕ್ಕೂ ಬಂದುದು ಸೋಜಿಗವಲ್ಲ. ಕುಟ್ಟಿ ಬೀಸಿದ ಕೈಗಳೇ ಅಲ್ಲವೇ ಮದುಮಗಳಿಗೆ ಅರಿಷಿಣ ಹಚ್ಚಿದುವು?

ಈಗ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆಗೆ ಸರಿದಿದೆ. ಹಂದರದಲ್ಲಿ ಧ್ವನಿವರ್ಧಕದ ಅಬ್ಬರವೇ ಹೆಚ್ಚು. ನಿಮ್ಮ ಮನೆಯಲ್ಲಿ ಹಾಡಬಲ್ಲ ಅಜ್ಜಿಯಿದ್ದರೆ ಇಂದೇ ಬರೆದಿಟ್ಟುಕೊಳ್ಳಿರಿ. ಆದರೆ ಮೂರನೆಯ ಸಾಲನ್ನು ಮಾತ್ರ ತಿದ್ದಬೇಡಿರಿ.