‘ನಿಂಗೂ ತಲೆನೋವಾ?’

ಹಾಸ್ಟೆಲ್‌ನಲ್ಲಿ ಒಬ್ಬನಿಗೆ ಜ್ವರ ಬಂದರೆ ಹತ್ತು ಜನ ಮಾತ್ರೆ ಹಿಡಿದು ಬರುತ್ತಾರೆ. ಅದೇ ಹುಡುಗ ‘ಮೂರು ವಾರದಿಂದ ನಿದ್ದೆನೇ ಬರ್ತಿಲ್ಲ ಕಣೋ’ ಅಂದರೆ, ‘ರೀಲ್ಸ್ ನೋಡೋದು ಕಡಿಮೆ ಮಾಡು ಮಗಾ’ ಎಂಬ ಉಪದೇಶ ಸಿಗುತ್ತದೆ. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಹೋದರೂ ‘ಡಿಪ್ರೆಶನ್’ ಅನ್ನುವ ನಾವು, ಡಾಕ್ಟರ್ ಹತ್ತಿರ ಹೋಗೋಣ ಎಂದರೆ ಮಾತು ಬದಲಿಸುತ್ತೇವೆ. ಗೊತ್ತಿಲ್ಲದೆ ಅಲ್ಲ. ಯಾರಿಗಾದರೂ ಗೊತ್ತಾದರೆ ಎಂಬ ಭಯ.

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕಾಲೇಜಿನಲ್ಲೂ ಇದ್ದಾರೆ, ಒಳ್ಳೆಯ ಮೇಡಂ. ಆದರೆ ಅವರ ಕೊಠಡಿ ಇರುವುದು ಪ್ಲೇಸ್‌ಮೆಂಟ್ ಸೆಲ್ ಪಕ್ಕದಲ್ಲಿ! ಬಾಗಿಲಲ್ಲೇ ರಿಜಿಸ್ಟರ್: ಹೆಸರು, ಯುಎಸ್‌ಎನ್, ಬಂದ ಕಾರಣ. ಅದನ್ನು ತೆಗೆಸಿ ಎಂದು ಮನವಿ ಬರೆದಾಗ ಸಹಿ ಹಾಕಿದವರು ಹನ್ನೊಂದೇ ಜನ. ‘ಒಪ್ತೀನಿ, ಆದ್ರೆ ನನ್ನ ಹೆಸರು ಬೇಡ’ ಅಂದವರೇ ಹೆಚ್ಚು.

ನನ್ನ ರೂಮ್‌ಮೇಟ್‌ಗೆ ಎರಡು ಬ್ಯಾಕ್‌ಲಾಗ್ ಇದ್ದವು. ಮೆಸ್‌ಗೆ ಬರುವುದನ್ನು ಬಿಟ್ಟಿದ್ದ. ರಾತ್ರಿಯೆಲ್ಲ ಮಂಚದ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಡಾಕ್ಟರಿಗೆ ತೋರಿಸೋಣ ಎಂದರೆ ಎರಡೇ ಪ್ರಶ್ನೆ: ‘ಅಪ್ಪಂಗೆ ಫೋನ್ ಮಾಡಿಬಿಟ್ರೆ? ಕಂಪನಿಯವ್ರಿಗೆ ಗೊತ್ತಾದ್ರೆ?’ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು, ಅದು ರೋಗಿಯ ಹಕ್ಕು. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಲ್ಲಷ್ಟೇ ವಿನಾಯಿತಿ. ಇದನ್ನು ಮೊಬೈಲಿನಲ್ಲಿ ತೋರಿಸಿದರೂ ಅವನು ಪೂರ್ತಿ ನಂಬಲಿಲ್ಲ.

ಕೊನೆಗೆ ಟೆಲಿ ಮನಸ್‌ಗೆ ಒಪ್ಪಿದ. 14416ಕ್ಕೆ ಕರೆ ಮಾಡಿದರಾಯಿತು. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗ್ರೌಂಡಿನ ಮೂಲೆಗೆ ಹೋಗಿ ಮಾತಾಡಿ ಬಂದ. ಆ ಕಡೆಯವರು ಬುದ್ಧಿ ಹೇಳಲಿಲ್ಲವಂತೆ. ನಿದ್ದೆ, ಊಟ ವಿಚಾರಿಸಿ, ಸಾಯಬೇಕು ಅನ್ನಿಸುತ್ತಾ ಎಂದು ನೇರವಾಗಿಯೇ ಕೇಳಿದರಂತೆ. ‘ಇಷ್ಟು ದಿನ ಯಾರೂ ಕೇಳಿರ್ಲಿಲ್ಲ’ ಅಂದ.

ಆಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಇಬ್ಬರೂ ಸಿಟಿ ಬಸ್ಸಿನಲ್ಲಿ ಹೋದೆವು. ‘ಯಾರಾದ್ರೂ ಸಿಕ್ರೆ ತಲೆನೋವು ಅನ್ನು’ ಎಂದು ದಾರಿಯುದ್ದಕ್ಕೂ ತಾಕೀತು. ಚೀಟಿ ಮಾಡಿಸಿ ಒಳಗೆ ಹೋದರೆ, ಬೆಂಚಿನ ಮೇಲೆ ನಮ್ಮದೇ ಕಾಲೇಜಿನ ಸೀನಿಯರ್! ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಪಕ್ಕಕ್ಕೆ ಸರಿದು ಜಾಗ ಕೊಟ್ಟು, ‘ನಿಂಗೂ ತಲೆನೋವಾ?’ ಅಂದರು. ಎಷ್ಟೋ ದಿನಗಳ ಮೇಲೆ ನನ್ನ ಗೆಳೆಯ ನಕ್ಕ.

ಈಗಲೂ ಔಷಧಿ ನಡೆಯುತ್ತಿದೆ. ಒಂದು ಬ್ಯಾಕ್‌ಲಾಗ್ ಹಾಗೇ ಇದೆ. ಮೊನ್ನೆ ಮೂರನೇ ಭೇಟಿಗೆ ನಾನು ಬರಲಾ ಎಂದರೆ, ‘ಬೇಡ, ನಿಂಗೆ ಲ್ಯಾಬ್ ಇದೆ ಅಲ್ವಾ’ ಎಂದು ಒಬ್ಬನೇ ಬಸ್ ಹತ್ತಿದ.