ಮೊಸರಿನ ಗಡಿಗೆಗೆ ಕಹಿ ಬಂದುದೆಲ್ಲಿಂದ?

"ನಾ ಈ ಮನೀಗೆ ಬಂದು ನಲವತ್ತು ವರ್ಷಾತು. ಒಂದಿನಾನೂ ಮೊಸರು ಹಿಂಗ ಕಹಿ ಆಗಿದ್ದಿಲ್ಲ!"

ಧಾರವಾಡದಲ್ಲಿ ನಮ್ಮ ಬಳಗದವರ ಮನೆಯೊಂದರ ಅಡಿಗೆಮನೆಯಿಂದ ಈ ಮಾತು ಕೇಳಿಬಂದಾಗ ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಆಡಿದವರು ಅತ್ತೆ, ಕೇಳಿಸಿಕೊಂಡವಳು ಮದುವೆಯಾಗಿ ಆರು ತಿಂಗಳೂ ತುಂಬದ ಸೊಸೆ. ಮಾತಿನಲ್ಲಿ ಸೊಸೆಯ ಹೆಸರಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಮೊಸರು ಕೆಟ್ಟರೆ ಹೆಪ್ಪು ಹಾಕಿದವರ ಕೈಗುಣ ನೆಟ್ಟಗಿಲ್ಲ ಎಂಬ ತೀರ್ಪು ನಮ್ಮ ಕಡೆಯ ಮನೆಗಳಲ್ಲಿ ಬಹಳ ಹಳೆಯದು. ಆ ತೀರ್ಪಿಗೆ ಸಾಕ್ಷಿ ಬೇಕಿಲ್ಲ, ಮೇಲ್ಮನವಿಯೂ ಇಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅದರ ಮೇಲೊಂದು ಸೌಟು ಕೆನೆಮೊಸರು. ಇದೇ ಊಟವೆಂದು ನಂಬಿರುವ ನಾಡಿನಲ್ಲಿ ಇಂಥ ಅಪವಾದ ಹೊತ್ತವಳ ಗತಿಯೇನೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಪ್ರಕರಣ ಆಗಲೇ ಹದಿನೈದು ದಿನಗಳದಾಗಿತ್ತು. ಮೊದಲು ಹೆಪ್ಪನ್ನು ಚೆಲ್ಲಿ, ಪಕ್ಕದ ಮನೆಯಿಂದ ಒಂದು ವಾಟಿ ಹೊಸ ಹೆಪ್ಪು ತಂದದ್ದಾಯಿತು. ಕಹಿ ಹೋಗಲಿಲ್ಲ. ಆಮೇಲೆ ಸಂಶಯ ಗೌಳಿ ಹೆಂಗಸಿನ ಮೇಲೆ ತಿರುಗಿತು. ಎಮ್ಮೆಗೆ ಬೇವಿನ ಸೊಪ್ಪು ಹಾಕಿರಬೇಕು, ಹಾಲಿಗೆ ಏನೋ ಬೆರೆಸಿರಬೇಕು ಎಂದು ಆಕೆಯ ವರ್ತನೆಯ ಹಾಲನ್ನು ಬಿಡಿಸಿದರು. ಹೋಗುವಾಗ ಆಕೆ ಒಂದೇ ಮಾತು ಕೇಳಿದಳಂತೆ: "ಇದ ಹಾಲು ಓಣ್ಯಾಗ ಹತ್ತು ಮನೀಗೆ ಕೊಡ್ತೇನಿ. ಅವರ ಮನ್ಯಾಗೆಲ್ಲಾ ಮೊಸರು ಛಲೋ ಆಗತೈತಿ. ನಿಮ್ಮ ಮನ್ಯಾಗಷ್ಟ ಯಾಕ ಕಹಿ ಆಗತೈತ್ರಿ?"

ಈ ಪ್ರಶ್ನೆಯನ್ನು ಜಗಳದ ಮಾತೆಂದು ಎಲ್ಲರೂ ಬಿಟ್ಟುಬಿಟ್ಟಿದ್ದರು. ವಿಚಾರಿಸಿ ನೋಡಿದರೆ ಪ್ರಯೋಗಶಾಲೆಯ ವಿಜ್ಞಾನಿಯೂ ಮೊದಲು ಕೇಳುವುದು ಅದನ್ನೇ. ಹತ್ತು ಮನೆಗಳಲ್ಲಿ ಸಮಾನವಾಗಿರುವುದು ದೋಷಕ್ಕೆ ಕಾರಣವಲ್ಲ. ಕೆಟ್ಟ ಮನೆಯಲ್ಲಿ ಮಾತ್ರ ಬೇರೆಯಾಗಿರುವುದು ಯಾವುದು?

ಗೌಳಿಗರ ಹಾಲನ್ನು ಹೀಗೆ ಸುಲಭವಾಗಿ ದೂರುವುದು ನನಗಂತೂ ಸರಿಕಾಣದು. ಕಲಘಟಗಿ, ಅಳ್ನಾವರದ ಕಾಡಂಚಿನ ದಡ್ಡಿಗಳಲ್ಲಿ ಅವರು ಸಾಕಿಕೊಂಡು ಬಂದ ಅರ್ಧಚಂದ್ರದಂತೆ ಬಾಗಿದ ಕೋಡಿನ ಎಮ್ಮೆಯನ್ನು, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಅಧ್ಯಯನದ ಫಲವಾಗಿ, 2021ರಲ್ಲಿ 'ಧಾರವಾಡಿ ಎಮ್ಮೆ' ಎಂಬ ಪ್ರತ್ಯೇಕ ತಳಿಯಾಗಿ ದೇಶದ ಪಟ್ಟಿಯಲ್ಲಿ ಸೇರಿಸಲಾಯಿತು. ಊರಿನ ಪೇಢೆಯ ಕೀರ್ತಿಯ ಹಿಂದಿರುವುದೂ ಇಂಥ ಎಮ್ಮೆಗಳ ಗಟ್ಟಿ ಹಾಲೇ.

ಇನ್ನು ಹೆಪ್ಪಿನ ಮೇಲೆ ಬಂದ ಸಂಶಯ. ಅದು ದಡ್ಡತನದ್ದೇನಲ್ಲ. ಹೆಪ್ಪೆಂದರೆ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಮಾಡುವ ಸೂಕ್ಷ್ಮಜೀವಿಗಳ ದೊಡ್ಡ ಸಂಸಾರ. ಹಾಲು ಹುಳಿಯುವುದು ಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ ಸಾರಿದ್ದು 1857ರಲ್ಲಿ. ಅವನೇ 1876ರಲ್ಲಿ ಬಿಯರಿನ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಬರೆದ. ಬಿಯರಿಗೂ ನಮ್ಮ ಗಡಿಗೆಗೂ ಏನು ಸಂಬಂಧವೆಂದು ಹುಬ್ಬೇರಿಸಬೇಡಿ. ಹುದುಗುವ ವಸ್ತುಗಳೆಲ್ಲ ದಾಯಾದಿಗಳೇ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿದ್ದ ಕಾರ್ಲ್ಸ್‌ಬರ್ಗ್ ಬಿಯರ್ ಕಾರಖಾನೆಯಲ್ಲಿ ಒಮ್ಮೆ ಬಿಯರಿಗೆ ಕೆಟ್ಟ ರುಚಿ ಬರತೊಡಗಿತು. ಅಲ್ಲಿನ ಪ್ರಯೋಗಶಾಲೆಯ ಎಮಿಲ್ ಹ್ಯಾನ್ಸನ್ ಎಂಬಾತ ಶೋಧಿಸಿ ನೋಡಲಾಗಿ, ಒಂದು ಬ್ಯಾರಲಿನಿಂದ ಇನ್ನೊಂದಕ್ಕೆ ಹಾಕುತ್ತ ಬಂದ ಯೀಸ್ಟಿನಲ್ಲಿ, ಅಂದರೆ ಅವರ 'ಹೆಪ್ಪಿನಲ್ಲಿ', ಕಾಡು ಯೀಸ್ಟು ಸೇರಿಕೊಂಡಿತ್ತು. 1883ರಲ್ಲಿ ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿ ಅವನು ಆ ದೋಷವನ್ನು ಕಳೆದ. ನಮ್ಮ ಹೆಂಗಸರು ನೆರೆಮನೆಯಿಂದ ಹೊಸ ಹೆಪ್ಪು ತರುವುದು ಇದೇ ಚಿಕಿತ್ಸೆ, ಸೂಕ್ಷ್ಮದರ್ಶಕವಿಲ್ಲದೆ. ಇನ್ನೊಂದು ತಮಾಷೆಯ ಸಂಗತಿಯುಂಟು. ಬೆಣ್ಣೆಗೆ ಪರಿಮಳ ಕೊಡುವ ಡೈಅಸಿಟೈಲ್ ಎಂಬ ವಸ್ತು ಬಿಯರಿನಲ್ಲಿ ಕಂಡರೆ ಹೆಚ್ಚಿನ ಬಿಯರ್ ತಯಾರಕರು ಹೌಹಾರುತ್ತಾರೆ. ನಮಗೆ ಅದಿಲ್ಲದ ಮೊಸರು ಸಪ್ಪೆ!

ಆದ್ದರಿಂದ ಕೆಟ್ಟ ರುಚಿಗೆ ಮೊದಲು ಹೆಸರಿಡಬೇಕು. 'ಮೊಸರು ಕೆಟ್ಟಿತು' ಎಂದರೆ ವೈದ್ಯನ ಮುಂದೆ 'ಆರಾಮಿಲ್ಲ' ಎಂದಷ್ಟೇ ಹೇಳಿದಂತೆ. ನೊರೆಯೆದ್ದು ಹೆಂಡದ ವಾಸನೆ ಬಂದರೆ ಯೀಸ್ಟು ಹೊಕ್ಕಿದೆ. ಮೊಸರು ಚೆಲ್ಲಿ, ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆದು ಹೊಸ ಹೆಪ್ಪು ಹಾಕಬೇಕು. ಎಳೆ ಎಳೆಯಾಗಿ ಲೋಳೆ ಬಂದರೆ, ಲೋಳೆ ಮಾಡುವ ಜಾತಿಯ ಜೀವಿ ಹೆಪ್ಪಿನಲ್ಲಿ ಮೇಲುಗೈ ಪಡೆದಿದೆ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದಲ್ಲಿರುವ ಧಾರವಾಡದ ಚಳಿಗಾಲದ ರಾತ್ರಿ ಅದಕ್ಕೆ ಬಹಳ ಒಗ್ಗುತ್ತದೆ. ಗಡಿಗೆಗೆ ಕಂಬಳಿ ಹೊದಿಸುತ್ತಿದ್ದ ಅಜ್ಜಿಯರು ಮೂರ್ಖರಾಗಿರಲಿಲ್ಲ. ಕಮಟು ವಾಸನೆಯಾದರೆ ಕೊಬ್ಬು ಕೆಟ್ಟಿದೆ. ಬೆಣ್ಣೆಗೆಂದು ವಾರಗಟ್ಟಲೆ ಕೂಡಿಟ್ಟ ಹಸಿ ಕೆನೆಯನ್ನು ಅನುಮಾನಿಸಿರಿ. ಹಾಲು ಹೆಪ್ಪಾಗದೆ ನೀರಾಗಿಯೇ ಉಳಿದರೆ, ಕೆಚ್ಚಲು ಬಾವಿಗೆ ಔಷಧಿ ಚುಚ್ಚಿಸಿಕೊಂಡ ದನದ ಹಾಲು ಬಂದಿತೇ ಎಂದು ಕೇಳಬೇಕು. ಆ ಔಷಧಿ ಹೆಪ್ಪಿನ ಜೀವಿಗಳನ್ನೂ ಕೊಲ್ಲುತ್ತದೆ. ಉಳ್ಳಾಗಡ್ಡಿ ಅಗ್ಗವಾದಾಗ ಮಾರದೆ ಉಳಿದುದನ್ನು ದನಗಳಿಗೆ ಸುರಿಯುವುದುಂಟು. ಅದರ ವಾಸನೆ ಕೆಲವೇ ತಾಸುಗಳಲ್ಲಿ ಹಾಲಿಗೆ ಇಳಿಯುತ್ತದೆ. ಹೆಚ್ಚಾದರೆ ದನದ ರಕ್ತಕ್ಕೂ ಕೇಡು.

ಕಿಲುಬಿನ ರುಚಿಯ ಮಾತನ್ನು ಮಾತ್ರ ತುಸು ಗಟ್ಟಿಯಾಗಿಯೇ ಹೇಳಬೇಕು. ಕಲಾಯಿ ಹೋದ ಹಿತ್ತಾಳೆ ತಪ್ಪೇಲಿಯಲ್ಲಿ ಮೊಸರಿಟ್ಟರೆ ಅದರ ಆಮ್ಲವು ತಾಮ್ರವನ್ನು ಕರಗಿಸುತ್ತದೆ. ಅದು ಕೆಟ್ಟ ರುಚಿಯಷ್ಟೇ ಅಲ್ಲ, ವಿಷ. ಕಲಾಯಿಗಾರರು ಓಣಿಯಲ್ಲಿ ಕೂಗುತ್ತ ಬರುತ್ತಿದ್ದ ಕಾಲ ಹೋಯಿತು. ಅಟ್ಟದ ಮೇಲಿನ ಹಳೆಯ ಪಾತ್ರೆಗಳು ಮಾತ್ರ, ಅಲಂಕಾರಕ್ಕೆಂದೋ ಅಭಿಮಾನಕ್ಕೆಂದೋ, ಮತ್ತೆ ಕೆಳಗಿಳಿಯುತ್ತಿವೆ.

ಬಿಸಿಲೂ ಶತ್ರುವೇ. ಗಾಜಿನ ಪಾತ್ರೆಯ ಹಾಲನ್ನು ಕಿಟಕಿಯ ಬಿಸಿಲಿನಲ್ಲಿಟ್ಟರೆ, ಅದರಲ್ಲಿರುವ ರೈಬೋಫ್ಲೇವಿನ್ ಎಂಬ ಜೀವಸತ್ತ್ವ ಬೆಳಕನ್ನು ಹೀರಿ ಪ್ರೋಟೀನನ್ನೂ ಕೊಬ್ಬನ್ನೂ ಕೆಡಿಸುತ್ತದೆ. ಬಿಯರನ್ನು ಕಂದು ಬಾಟಲಿಗಳಲ್ಲಿ ತುಂಬುವುದಕ್ಕೂ ಬೆಳಕಿನ ಇದೇ ಭಯ ಕಾರಣ.

ಈಗ ಕಹಿಯ ವಿಷಯ. ಹಾಲಿನ ಪ್ರೋಟೀನು ಅರೆಬರೆಯಾಗಿ ತುಂಡಾದಾಗ ಆ ತುಂಡುಗಳು ಕಹಿಯಾಗಿರುತ್ತವೆ. ತುಂಡರಿಸಿದವರಾರು? ನಾನು ಪಂಚನಂತೆ ಅಡಿಗೆಮನೆಗೆ ಹೋಗಿ ನೋಡಿದೆ. ಮೂಲೆಯಲ್ಲಿ ಹೊಚ್ಚಹೊಸ ಫ್ರಿಜ್ಜು. ಅದರೊಳಗೆ ತಪ್ಪೇಲಿಯ ತುಂಬ ಹಾಲು.

"ಇದು ಯಾವತ್ತಿನ ಹಾಲವ್ವಾ?" ಎಂದೆ.

"ಮೊನ್ನೇದುರೀ ಕಾಕಾ. ಇನ್ನೂ ಕಾಸಿಲ್ಲ. ಫ್ರಿಜ್ಜಿನ್ಯಾಗ ಹಸೀದ ಇಟ್ಟರ ತಾಜಾ ಇರ್ತೈತಿ ಅಂತ ಇವರು ಹೇಳ್ಯಾರ," ಎಂದಳು ಸೊಸೆ ಮೆಲ್ಲಗೆ.

'ಇವರು' ಎಂದರೆ ಮಗರಾಯ. ಫ್ರಿಜ್ಜು ತಂದವನೂ ಅವನೇ. ಹಸಿ ಹಾಲನ್ನು ತಂಪಿನಲ್ಲಿಟ್ಟರೆ ಹುಳಿಸುವ ಜೀವಿಗಳು ಮಲಗುತ್ತವೆ, ನಿಜ. ಆದರೆ ಚಳಿಯಲ್ಲಿಯೇ ಬೆಳೆಯುವ ಬೇರೊಂದು ಗುಂಪಿದೆ. ಎರಡು ಮೂರು ದಿನಗಳಲ್ಲಿ ಅವು ಪ್ರೋಟೀನನ್ನು ಕತ್ತರಿಸುವ ಕಿಣ್ವಗಳನ್ನು ಹಾಲಿನಲ್ಲಿ ಬಿಡುತ್ತವೆ. ಕಾಸಿದಾಗ ಆ ಜೀವಿಗಳು ಸಾಯುತ್ತವೆ. ಅವುಗಳ ಕಿಣ್ವ ಸಾಯುವುದಿಲ್ಲ, ಕುದಿಯನ್ನೂ ತಾಳಿಕೊಂಡು ಗಡಿಗೆಯೊಳಗೆ ತನ್ನ ಕೆಲಸವನ್ನು ಮುಂದುವರಿಸುತ್ತದೆ.

ಬಾಯಿಮಾತಿಗೆ ಅತ್ತೆಯವರು ಒಪ್ಪುವವರಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಆ ಸಂಜೆ ಎರಡು ಸ್ಟೀಲ್ ಬಟ್ಟಲುಗಳನ್ನು ಕುದಿನೀರಿನಲ್ಲಿ ತೊಳೆದೆವು. ಒಂದಕ್ಕೆ ಅಂದೇ ಕರೆದು ಕೂಡಲೇ ಕಾಸಿದ ಹಾಲು, ಇನ್ನೊಂದಕ್ಕೆ ಫ್ರಿಜ್ಜಿನಲ್ಲಿದ್ದ ಹಾಲನ್ನು ಕಾಸಿ ಹಾಕಿದ್ದು. ಎರಡಕ್ಕೂ ಒಂದೇ ಹೆಪ್ಪು, ಒಂದೇ ಚಮಚ, ಒಂದೇ ಬೆಚ್ಚಗಿನ ಹದ, ಒಂದೇ ಕಪಾಟು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಹೆಪ್ಪು, ಹಾಲು, ಪಾತ್ರೆಗಳನ್ನೆಲ್ಲ ಒಟ್ಟಿಗೆ ಬದಲಿಸಿದರೆ ಮೊಸರು ನೆಟ್ಟಗಾದೀತು, ಕಳ್ಳ ಮಾತ್ರ ಸಿಕ್ಕುವುದಿಲ್ಲ. ಎರಡು ಬಟ್ಟಲುಗಳಿಗೂ ಹೆಪ್ಪು ಹಾಕಿದ ಕೈ ಸೊಸೆಯದೇ ಆಗಬೇಕೆಂದು ನಾನು ಹಟ ಹಿಡಿದೆ.

ಬೆಳಗ್ಗೆ ರುಚಿ ನೋಡಿದವರು ಅತ್ತೆ. ಮೊದಲನೆಯದು ಸಿಹಿಹುಳಿಯಾಗಿ, ಕೊಯ್ದು ತೆಗೆಯುವಷ್ಟು ಗಟ್ಟಿಯಾಗಿತ್ತು. ಎರಡನೆಯದನ್ನು ನುಂಗಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಲೋಟ ನೀರು ಕೇಳಿದರು.

ಕೈಗುಣದ ಮಾತನ್ನು ಯಾರೂ ಎತ್ತಲಿಲ್ಲ. ಗೌಳಿ ಹೆಂಗಸಿಗೆ ಮಗನ ಕೈಯಲ್ಲಿಯೇ ಹೇಳಿಕಳಿಸಿದರು. ನಾಲ್ಕನೆಯ ದಿನ ಆಕೆ ಬಂದಳು. ಹಳೆಯ ಬಾಕಿಯನ್ನು ಮೊದಲು ಎಣಿಸಿಕೊಂಡು, ಆಮೇಲೆ ಹಾಲು ಅಳೆದಳು. ಅತ್ತೆ ಒಳಗೆ ತಿರುಗಿ ಕೂಗಿದರು: "ಒಲಿ ಹಚ್ಚವಾ, ಮೊದಲ ಹಾಲು ಕಾಸೂಣು."