ಹಳೆ ಪಿಕಪ್‌ನ ಡೋರ್ ಪ್ಯಾಡ್‌ಗೆ ಬಣ್ಣ: ಬ್ರಷ್ ಹಿಡಿಯೋ ಮುಂಚೆ ಗೊತ್ತಿರಬೇಕಾದ್ದು

ಕಡೂರಿನ ತೆಂಗಿನಕಾಯಿ, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ. ಮೂರನ್ನೂ ಹೊರೋದು ಹೆಚ್ಚಾಗಿ ಹಳೆ ಟಾಟಾ 407, ಇಲ್ಲಾ ಹಳೆ ಬೊಲೆರೊ ಪಿಕಪ್. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷ ಎಫ್.ಸಿ. ಆಗಬೇಕು. ಆ ನೆಪದಲ್ಲಿ ಹೊರಗಡೆ ಬಣ್ಣ ಆಗುತ್ತೆ. ಬಾಗಿಲ ಒಳಮೈ ಮಾತ್ರ ಹಾಗೇ ಉಳಿಯುತ್ತೆ: ಬಿಸಿಲಿಗೆ ಬಿಳಿಚಿಕೊಂಡ ಪ್ಲಾಸ್ಟಿಕ್, ಕೈ ತಾಗಿ ಜಿಡ್ಡಾದ ಹಿಡಿ, ಕೆಳಗಡೆ ಕೆಸರು ಮೆತ್ತಿ ಸಿಪ್ಪೆ ಏಳ್ತಿರೋ ಬಣ್ಣ.

ಇದನ್ನ ಮನೆಯಲ್ಲೇ ಸರಿ ಮಾಡ್ಕೋಬಹುದು. ಆದರೆ ಒಂದು ಡಬ್ಬಿ ಎನಾಮೆಲ್ ತಂದು ಬಳಿದುಬಿಟ್ಟರೆ ಒಂದು ಮಳೆಗಾಲ ಕಳೆಯೋದ್ರಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತೆ. ಬಣ್ಣ ನಿಲ್ಲೋದು ಬಿಡೋದು ಕೆಳಗಿರೋ ವಸ್ತು ಯಾವುದು, ಅದನ್ನ ಎಷ್ಟು ಚೆನ್ನಾಗಿ ತೊಳೆದಿದ್ದೀರಿ ಅನ್ನೋದರ ಮೇಲೆ ನಿಂತಿದೆ.

ಮೊದಲು ವಸ್ತು ಗುರುತಿಸಿ

ಹಳೆ ಗಾಡಿಗಳ ಬಾಗಿಲ ಒಳಮೈ ನಾಲ್ಕು ಥರ ಇರುತ್ತೆ: ಬಣ್ಣ ಹೊಡೆದ ತಗಡು, ಹಾರ್ಡ್‌ಬೋರ್ಡ್ ಮೇಲೆ ಅಂಟಿಸಿದ ರೆಕ್ಸಿನ್, ಎಬಿಎಸ್ ಪ್ಲಾಸ್ಟಿಕ್, ಪಿಪಿ ಅಂದ್ರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಪ್ಲಾಸ್ಟಿಕ್ ಆದ್ರೆ ಪ್ಯಾಡ್ ಬಿಚ್ಚಿ ಹಿಂಬದಿ ನೋಡಿ, ಎಷ್ಟೋ ಸಲ ಅಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತೆ. ಇಲ್ಲದಿದ್ರೆ ಹಿಂದಿನ ಅಂಚಿಂದ ಉಗುರಿನಷ್ಟು ಚೂರು ಕೆರೆದು, ಒಂದು ಹನಿ ಸೋಪು ಹಾಕಿದ ನೀರಿಗೆ ಬಿಡಿ. ತೇಲಿದ್ರೆ ಪಿಪಿ. ಮುಳುಗಿದ್ರೆ ಎಬಿಎಸ್ ಇರಬಹುದು, ಟಾಲ್ಕ್ ಪುಡಿ ಬೆರೆಸಿದ ಪಿಪಿಯೂ ಇರಬಹುದು. ಅನುಮಾನ ಇದ್ರೆ, ಎರಡಕ್ಕೂ ಆಗುತ್ತೆ ಅಂತ ಡಬ್ಬಿ ಮೇಲೆ ಬರೆದಿರೋ ಪ್ಲಾಸ್ಟಿಕ್ ಪ್ರೈಮರನ್ನೇ ತಗೊಳ್ಳಿ.

ಯಾಕಿಷ್ಟು ತಲೆ ಕೆಡಿಸ್ಕೋಬೇಕು? ಈರುಳ್ಳಿ ಬೆಳೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಈರುಳ್ಳಿ ಎಲೆ ಮೇಲೆ ಮೇಣ ಇರುತ್ತೆ, ಅಂಟು ಬೆರೆಸದೆ ಔಷಧಿ ಹೊಡೆದ್ರೆ ಹನಿ ಉರುಳಿ ಹೋಗುತ್ತೆ. ಅಡಿಕೆಗೆ ಬೋರ್ಡೋ ಹೊಡೆಯುವಾಗಲೂ ಅಷ್ಟೇ, ಮಳೆಗೆ ತೊಳೆದು ಹೋಗದಿರಲಿ ಅಂತ ಅಂಟು ಸೇರಿಸ್ತೀವಿ. ಪಿಪಿ ಪ್ಲಾಸ್ಟಿಕ್ ಕೂಡ ಹೀಗೇ ಜಾರೋ ಮೈಯದ್ದು. ಅದಕ್ಕೆ ಪ್ಲಾಸ್ಟಿಕ್ ಪ್ರೈಮರ್ರೇ ಅಂಟು. ಅದಿಲ್ಲದೆ ಎಷ್ಟೇ ದುಬಾರಿ ಬಣ್ಣ ಹಾಕಿದ್ರೂ ಉಗುರಲ್ಲಿ ಕೆರೆದ್ರೆ ಬಂದುಬಿಡುತ್ತೆ.

ಬಿಚ್ಚೋದು

ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೊ ತೆಗೀತಾ ಹೋಗಿ. ಯಾವ ಸ್ಕ್ರೂ ಎಲ್ಲಿತ್ತು ಅನ್ನೋದು ವಾಪಸ್ ಕೂರಿಸುವಾಗ ನೆನಪಿಗೆ ಬರಲ್ಲ. ಗಾಜು ಇಳಿಸೋ ಹ್ಯಾಂಡಲ್ ಕೆಲವು ಗಾಡಿಯಲ್ಲಿ ಸ್ಕ್ರೂನಲ್ಲಿ, ಕೆಲವಲ್ಲಿ ಹಿಂದೆ ಸಿಕ್ಕಿಸಿದ ಲಾಕ್ ಕ್ಲಿಪ್‌ನಲ್ಲಿ ನಿಂತಿರುತ್ತೆ. ಎಳೆಯೋ ಮುಂಚೆ ಟಾರ್ಚ್ ಬಿಟ್ಟು ನೋಡಿ. ಪ್ಯಾಡ್ ಹಿಂದೆ ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇದ್ರೆ ಹರೀಬೇಡಿ. ಗಾಜಿನ ಸಂದಿಯಿಂದ ಇಳಿಯೋ ನೀರು ಪ್ಯಾಡ್‌ಗೆ ತಾಗದ ಹಾಗೆ ತಡೆಯೋದೇ ಅದು.

ಬಿಚ್ಚಿದಾಗಲೇ ಬಾಗಿಲ ತಳದಲ್ಲಿ ನೀರು ಹೋಗೋ ಸಣ್ಣ ತೂತುಗಳನ್ನ ಒಂದು ತಂತಿಯಿಂದ ಬಿಡಿಸಿ. ನಮ್ಮ ಎರೆಮಣ್ಣು ಅಲ್ಲಿ ಕಟ್ಟಿಕೊಂಡ್ರೆ ನೀರು ಒಳಗೇ ನಿಂತು ತಗಡು ಕೆಳಗಿಂದ ತುಕ್ಕು ಹಿಡಿಯುತ್ತೆ. ಯೂರಿಯಾ, ಪೊಟ್ಯಾಷ್ ಸಾಗಿಸೋ ಗಾಡಿಯಲ್ಲಿ ಇನ್ನೂ ಬೇಗ.

ತೊಳೆಯೋದೇ ಮುಕ್ಕಾಲು ಕೆಲಸ

ಸ್ಪ್ರೇ ಮಾಡಿ ಬಂದ ಕೈಯಲ್ಲೇ ಬಾಗಿಲು ಹಿಡೀತೀವಿ, ಅದೇ ಹಿಡಿಯನ್ನ ಮಕ್ಕಳೂ ಹಿಡೀತಾರೆ. ಹಳೆ ಪ್ಯಾಡ್ ಮೇಲೆ ಕೀಟನಾಶಕದ ಪಸೆ ಇದೆ ಅಂತಲೇ ಅಂದ್ಕೊಳ್ಳಿ. ಕೈಗೆ ಗ್ಲೌಸ್ ಹಾಕಿ, ಸೋಪು ನೀರಲ್ಲಿ ಎರಡು ಸಲ ತಿಕ್ಕಿ ತೊಳೀರಿ. ತೊಳೆದ ನೀರು ಬಾವಿ ಹತ್ರ, ದನದ ತೊಟ್ಟಿ ಹತ್ರ ಹರೀಬಾರದು. ತೊಳೆಯದೆ ಉಜ್ಜಿದ್ರೆ ಆ ಪಸೆ ಧೂಳಾಗಿ ನಿಮ್ಮ ಮೂಗಿಗೆ ಬರುತ್ತೆ.

ಇನ್ನೊಂದು ಶತ್ರು ಡ್ಯಾಶ್‌ಬೋರ್ಡ್ ಪಾಲಿಶ್. ಅದರಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆ ಇರುತ್ತೆ. ಅದು ಉಳಿದ್ರೆ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತೆ. ಸೋಪಿಂದ ತೊಳೆದು ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ಬಳಸಿ, ಇಲ್ಲದಿದ್ರೆ ಜಿಡ್ಡನ್ನ ಅಲ್ಲಿಂದ ಇಲ್ಲಿಗೆ ಬಳಿದ ಹಾಗಾಗುತ್ತೆ. ಪೇಂಟ್ ಅಂಗಡಿಯ ಥಿನ್ನರ್‌ನಿಂದ ಪ್ಲಾಸ್ಟಿಕ್ ಒರೆಸಬೇಡಿ. ಎಬಿಎಸ್ ಅದಕ್ಕೆ ಕರಗಿ ಮೆತ್ತಗಾಗುತ್ತೆ, ಆಮೇಲೆ ಕೂದಲೆಳೆ ಬಿರುಕು ಬಿಡುತ್ತೆ.

ಉಜ್ಜೋದು: ಇಲ್ಲಿ ಹುಷಾರು

ನಯವಾದ ಪ್ಲಾಸ್ಟಿಕ್‌ಗೆ 400 ನಂಬರಿನ ವಾಟರ್ ಪೇಪರ್, ಆಮೇಲೆ 600. ಚರ್ಮದ ಹಾಗೆ ಗೆರೆ ಇರೋ ಪ್ಯಾಡ್‌ಗೆ ಪೇಪರ್ ಬೇಡ, ಪಾತ್ರೆ ತಿಕ್ಕೋ ಹಸಿರು ನಾರು ಸಾಕು. ಹೊಳಪು ಹೋದ್ರೆ ಆಯ್ತು, ಪ್ಲಾಸ್ಟಿಕ್ ಸವೆಸೋದು ಬೇಕಿಲ್ಲ.

ತಗಡಿನ ಬಾಗಿಲಾದ್ರೆ ನೀರು ಹಾಕ್ಕೊಂಡೇ ಉಜ್ಜಿ, ಒಣ ಉಜ್ಜಾಟ ಮಾಡಲೇಬೇಡಿ. ಹಳೆ ಬಣ್ಣದಲ್ಲಿ, ಅದರಲ್ಲೂ ಎದ್ದು ಕಾಣೋ ಹಳದಿ, ಕಿತ್ತಳೆ, ಕೆಂಪಿನಲ್ಲಿ, ಸೀಸ ಇರಬಹುದು. ನಮ್ಮಲ್ಲಿ ಮನೆ ಬಣ್ಣಗಳಿಗೆ 90 ಪಿಪಿಎಂ ಮಿತಿ ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಆ ನಿಯಮ ಮನೆ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ, ಗಾಡಿ ಬಣ್ಣ ಅದರೊಳಗೆ ಬರಲ್ಲ. ಸೀಸದ ಧೂಳು ಸಣ್ಣ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತೆ, ಆಮೇಲೆ ಅದನ್ನ ಸರಿಪಡಿಸೋಕಾಗಲ್ಲ. ಆದ್ದರಿಂದ ಅಂಗಳದಲ್ಲಿ ಬೇಡ, ಅಡಿಕೆ ಒಣಗಿಸೋ ಕಣದಲ್ಲಂತೂ ಬೇಡವೇ ಬೇಡ. ದೂರದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸ್ಕೊಂಡು ಉಜ್ಜಿ. ಕೆಸರನ್ನ ಒರೆಸಿ ಕವರಿಗೆ ಕಟ್ಟಿ, ಹಾಕಿದ್ದ ಬಟ್ಟೆ ಬೇರೆಯಾಗಿ ಒಗೆಯಿರಿ.

ತುಕ್ಕು ಇದ್ರೆ ಬರೀ ತಗಡು ಕಾಣೋವರೆಗೂ ತೆಗೆದು, ಒಣಗಿಸಿ, ತಗಡಿನ ಪ್ರೈಮರ್ ಅದೇ ದಿನ ಹೊಡೀರಿ.

ಬಣ್ಣ ಹೊಡೆಯೋದು

ಎರಡು ಬಾಗಿಲಿಗೆ 400 ಮಿ.ಲೀ. ಸ್ಪ್ರೇ ಕ್ಯಾನ್ ಎರಡಾದ್ರೂ ಇಟ್ಕೊಳ್ಳಿ. ಸಂಕ್ರಾಂತಿಯಿಂದ ಯುಗಾದಿವರೆಗೆ ಒಳ್ಳೆ ಕಾಲ. ಮಳೆಗಾಲದ ತೇವಕ್ಕೆ ಬಣ್ಣ ಮಂಕಾಗುತ್ತೆ. ನೇರ ಬಿಸಿಲು ಬೇಡ, ಗಾಳಿ ಎತ್ತೋ ಮಧ್ಯಾಹ್ನ ಬೇಡ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ನೆರಳಲ್ಲಿ ಶುರು ಮಾಡಿ.

ಪ್ರೈಮರ್ ತೆಳ್ಳಗೆ ಒಂದು ಸಲ. ಅದರ ಮೇಲೆ ಬಣ್ಣ ಎಷ್ಟು ಹೊತ್ತಿನೊಳಗೆ ಬೀಳಬೇಕು ಅಂತ ಡಬ್ಬಿ ಮೇಲೆ ಇರುತ್ತೆ, ಅದನ್ನ ಮೀರಬೇಡಿ. ಬಣ್ಣ ಒಂದಡಿ ದೂರದಿಂದ, ತೆಳ್ಳಗೆ, ಮೂರು ಸಲ. ನಡುವೆ 10–15 ನಿಮಿಷ ಬಿಡಿ. ಒಂದೇ ಸಲ ದಪ್ಪ ಹೊಡೆದ್ರೆ ಇಳೀತದೆ, ಪ್ಯಾಡಿನ ಗೆರೆಯೂ ಮುಚ್ಚಿಹೋಗುತ್ತೆ.

ರೆಕ್ಸಿನ್‌ಗೆ ಎನಾಮೆಲ್ ಹಾಕಬೇಡಿ. ರೆಕ್ಸಿನ್ ಮೆತ್ತಗಿರಲಿ ಅಂತ ಸೇರಿಸಿರೋ ಎಣ್ಣೆಯಂಥ ಪದಾರ್ಥ ಮೇಲೆ ಬಂದು, ಬಣ್ಣ ತಿಂಗಳಾದ್ರೂ ಕೈಗೆ ಅಂಟ್ತಾನೇ ಇರುತ್ತೆ. ವಿನೈಲ್‌ಗೆ ಅಂತಲೇ ಬರೋ ಬಣ್ಣ ತರಿಸಿ. ಒಳಗಿನ ಹಾರ್ಡ್‌ಬೋರ್ಡ್ ನೀರು ಕುಡಿದು ಉಬ್ಬಿದ್ರೆ ಬಣ್ಣಕ್ಕೆ ದುಡ್ಡು ಹಾಕಬೇಡಿ. ಸೀಟ್ ಕವರ್ ಅಂಗಡಿಯಲ್ಲಿ ಹೊಸ ಬೋರ್ಡ್ ಕತ್ತರಿಸಿ ರೆಕ್ಸಿನ್ ಹೊದಿಸೋದೇ ಲಾಭ.

ಕ್ಯಾಬಿನ್ ಒಳಗೆ ಕೂತು ಸ್ಪ್ರೇ ಮಾಡಬಾರದು. ಪ್ಯಾಡ್ ಹೊರಗೆ ತಂದು, ಒಲೆಯಿಂದ, ಬೀಡಿಯಿಂದ ದೂರ ಇಟ್ಟು ಹೊಡೀರಿ. ಮುಖಕ್ಕೆ ಕಟ್ಟಿದ ಟವೆಲ್ ಈ ವಾಸನೆ ತಡೆಯಲ್ಲ, ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು. ಹಾರ್ಡನರ್ ಬೆರೆಸೋ ಎರಡು ಡಬ್ಬಿ ಬಣ್ಣ ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರ ಹಾರ್ಡನರ್‌ನಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತೆ, ಅದು ಉಬ್ಬಸ ತರಬಲ್ಲದು. ಅದು ಸರಿಯಾದ ಮಾಸ್ಕ್, ಗಾಳಿ ವ್ಯವಸ್ಥೆ ಇರೋ ಪೇಂಟಿಂಗ್ ಶೆಡ್‌ನವರ ಕೆಲಸ.

ಮೊದಲು ಅಂಗೈಯಗಲ ಪರೀಕ್ಷೆ

ಇಡೀ ಪ್ಯಾಡ್‌ಗೆ ಕೈ ಹಾಕೋ ಮುಂಚೆ, ಕಣ್ಣಿಗೆ ಬೀಳದ ಕೆಳ ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ಎಲ್ಲಾ ಹಂತ ಮುಗಿಸಿ. ಮಾರನೇ ದಿನ ಅಂಟು ಟೇಪ್ ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಕಿತ್ತು ನೋಡಿ. ಟೇಪ್ ಜೊತೆ ಬಣ್ಣ ಬಂದ್ರೆ ತೊಳೆಯೋದ್ರಲ್ಲೋ ಪ್ರೈಮರ್‌ನಲ್ಲೋ ತಪ್ಪಿದೆ. ಬರದಿದ್ರೆ ಧೈರ್ಯವಾಗಿ ಮುಂದುವರೀರಿ.

ಪೂರ್ತಿ ಹೊಡೆದ ಮೇಲೆ ಒಂದು ದಿನ ಬಿಟ್ಟು ಕೂರಿಸಿ, ಒಂದು ವಾರ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ. ಕೈ ಊರೋ ಜಾಗದಲ್ಲಿ ಯಾವ ಬಣ್ಣವೂ ಬಹಳ ದಿನ ತಾಳಲ್ಲ, ಅಲ್ಲಿಗೆ ಒಂದು ತುಂಡು ರೆಕ್ಸಿನ್ ಹೊದಿಸಿ. ಗಾಡಿಯಲ್ಲಿ ಒಂದು ಬಾಟಲ್ ನೀರು, ಒಂದು ಸೋಪು ಯಾವಾಗಲೂ ಇರಲಿ. ಸ್ಪ್ರೇ ಮುಗಿಸಿದವರು ಕೈ ತೊಳೆದೇ ಬಾಗಿಲು ಮುಟ್ಟಲಿ.